ಕಾರು ಕೊಳ್ಳುವ ಮುನ್ನ ನಿಮ್ಮ ಮನೆಯ ದಾರಿ ಅಳೆಯಿರಿ: ಹಾಸನ, ಚಿಕ್ಕಮಗಳೂರಿನವರಿಗೊಂದು ಮಾರ್ಗದರ್ಶಿ

ಕಾಫಿ ಕೊಯ್ಲು ಮುಗಿದು ಕೈಗೆ ದುಡ್ಡು ಬರುವ ಹೊತ್ತಿಗೆ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯವು: "ಹತ್ತು ಲಕ್ಷದೊಳಗೆ ಯಾವ ಕಾರು ಒಳ್ಳೆಯದು?" ಕೇಳುವವರಲ್ಲಿ ಸಕಲೇಶಪುರದವರೂ ಇರುತ್ತಾರೆ, ಕಡೂರಿನವರೂ ಇರುತ್ತಾರೆ. ಇಬ್ಬರಿಗೂ ಒಂದೇ ಹೆಸರು ಹೇಳಿದರೆ ಒಬ್ಬರಿಗಾದರೂ ಮೋಸ ಮಾಡಿದಂತೆಯೇ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು, ಅಜ್ಜಂಪುರದ ಬಯಲಿನಲ್ಲಿ ಹತ್ತು ವರ್ಷ ತಕರಾರಿಲ್ಲದೆ ಓಡುವ ಗಾಡಿ, ಮೂಡಿಗೆರೆ ಕಡೆಯ ತೋಟದ ರಸ್ತೆಯಲ್ಲಿ ಎರಡೇ ಮಳೆಗಾಲಕ್ಕೆ ಹೊಟ್ಟೆ ಕೆರೆದುಕೊಂಡು ಕೂರಬಹುದು.

ಆದ್ದರಿಂದ ಇಲ್ಲಿ ಕಾರಿನ ಹೆಸರು ಸೂಚಿಸುವುದಿಲ್ಲ. ನಿಮ್ಮ ಕಾರನ್ನು ನೀವೇ ಆರಿಸಿಕೊಳ್ಳುವ ಕ್ರಮವನ್ನು ಹೇಳುತ್ತೇನೆ. ಬೇಕಾಗುವುದು ಇಷ್ಟೇ: ಒಂದು ಅಳತೆ ಟೇಪು, ಒಂದು ನೋಟ್‌ಬುಕ್, ಒಂದು ತಿಂಗಳ ತಾಳ್ಮೆ. ಆ ಒಂದು ತಿಂಗಳು ಷೋರೂಮಿಗೆ ಕಾಲಿಡಬೇಡಿ. ಒಮ್ಮೆ ಫೋನ್ ನಂಬರ್ ಕೊಟ್ಟಿರೋ, ದಿನಕ್ಕೆ ನಾಲ್ಕು ಕರೆ ಬರುತ್ತವೆ. ನಿಧಾನವಾಗಿ ಯೋಚಿಸಲು ಅವರು ಬಿಡುವುದಿಲ್ಲ.

1. ದಾರಿ ಅಳೆಯಿರಿ

ಮನೆಯ ಅಂಗಳದಿಂದ ಡಾಂಬರು ರಸ್ತೆಯವರೆಗೆ ಟೇಪು ಹಿಡಿದು ನಡೆದು ಹೋಗಿ. ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇದು. ನನ್ನ ಲೆಕ್ಕದಲ್ಲಿ ಉಳಿದೆಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

ಜೀಪು, ಪಿಕಪ್ ಓಡಾಡುವ ಮಣ್ಣುರಸ್ತೆಯಲ್ಲಿ ಎರಡು ಚಕ್ರದ ಜಾಡು ತಗ್ಗಾಗಿ, ನಡುವೆ ಹುಲ್ಲು ಬೆಳೆದ ದಿಬ್ಬ ಉಳಿದಿರುತ್ತದೆ. ಆ ದಿಬ್ಬದ ಮೇಲೆ ಒಂದು ನೇರವಾದ ಕೋಲನ್ನು ಅಡ್ಡ ಇಟ್ಟು, ಕೋಲಿನ ತುದಿಯಿಂದ ಜಾಡಿನ ತಳಕ್ಕೆ ಎಷ್ಟಿದೆ ನೋಡಿ. 13 ಸೆಂಟಿಮೀಟರ್ ಬಂದಿತು ಎನ್ನಿ. ಕಾರಿನ ಕರಪತ್ರದಲ್ಲಿ 'ಗ್ರೌಂಡ್ ಕ್ಲಿಯರೆನ್ಸ್' ಎಂದು ಒಂದು ಅಂಕಿ ಇರುತ್ತದೆ: ಗಾಡಿಯ ತಳಭಾಗದಲ್ಲಿ ಅತಿ ಕೆಳಗಿರುವ ಜಾಗಕ್ಕೂ ನೆಲಕ್ಕೂ ಇರುವ ಅಂತರ. 165 ಮಿಲಿಮೀಟರ್ ಎಂದಿದ್ದರೆ, 130ರ ದಿಬ್ಬಕ್ಕೆ ಧಾರಾಳವಾಯಿತು ಎನಿಸುತ್ತದೆ. ಆದರೆ ಆ ಅಂಕಿ ಸಾಮಾನ್ಯವಾಗಿ ಖಾಲಿ ಗಾಡಿಯದು. ಐದು ಜನ ಕೂತು, ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್ ಹೇರಿದ ಮೇಲೆ ಗಾಡಿ ಕೆಲವು ಸೆಂಟಿಮೀಟರ್ ಕೆಳಕ್ಕೆ ಕೂರುತ್ತದೆ. ಅಲ್ಲಿಗೆ ಉಳಿತಾಯವೆಲ್ಲ ಮುಗಿಯಿತು. ನಿಮ್ಮ ದಿಬ್ಬದ ಎತ್ತರಕ್ಕೆ 50ರಿಂದ 60 ಮಿಲಿಮೀಟರ್ ಸೇರಿಸಿ. ಬಂದ ಅಂಕಿಗಿಂತ ಕಡಿಮೆ ಇರುವ ಕಾರುಗಳನ್ನು ಪಟ್ಟಿಯಿಂದ ತೆಗೆದುಹಾಕಿ.

ಮೋರಿ ಹತ್ತಿ ಇಳಿಯುವ ಜಾಗವನ್ನೂ ನೋಡಿ. ಏರು ದಿಢೀರನೆ ಶುರುವಾಗುವಲ್ಲಿ ಚಕ್ರ ಮೇಲೇರುವ ಮೊದಲೇ ಮುಂದಿನ ಬಂಪರ್ ನೆಲಕ್ಕೆ ತಾಗುತ್ತದೆ. ಮೂತಿ ಮುಂದಕ್ಕೆ ಚಾಚಿಕೊಂಡಿರುವ ಕಾರಿಗೆ ಗ್ರೌಂಡ್ ಕ್ಲಿಯರೆನ್ಸ್ ಎಷ್ಟಿದ್ದರೂ ಇಲ್ಲಿ ಪ್ರಯೋಜನವಿಲ್ಲ. ಗೇಟಿನ ಅಗಲ, ಶೆಡ್ಡಿನ ಉದ್ದ, ಅಂಗಳದಲ್ಲಿ ಗಾಡಿ ತಿರುಗಿಸಲು ಇರುವ ಜಾಗ ಇವನ್ನೂ ಬರೆದುಕೊಳ್ಳಿ. ಕರಪತ್ರದ ಅಗಲದಲ್ಲಿ ಪಕ್ಕದ ಕನ್ನಡಿಗಳು ಸೇರಿರುವುದಿಲ್ಲ ಎಂಬುದು ನೆನಪಿರಲಿ.

ಎಚ್ಚರಿಕೆ: ನೀವು ಅಳೆಯುತ್ತಿರುವುದು ಫೆಬ್ರವರಿಯ ಗಟ್ಟಿ ನೆಲವನ್ನು. ಜುಲೈಯಲ್ಲಿ ಅದೇ ಏರು ಹೇಗಿರುತ್ತದೆ ಎಂದು ನೆನೆಸಿಕೊಳ್ಳಿ. ಮಳೆಗಾಲದಲ್ಲಿ ಅಕ್ಕಪಕ್ಕದವರು ಜೀಪಿನ ಚಕ್ರಕ್ಕೆ ಚೈನ್ ಕಟ್ಟಿಯೇ ಆ ಏರು ಹತ್ತುವುದಾದರೆ, ನೋಡಲು ಜೀಪಿನಂತಿರುವ ಸಾಮಾನ್ಯ ಎಸ್‌ಯುವಿ ಅಲ್ಲಿ ಹತ್ತುವುದಿಲ್ಲ. ಇಂದಿನ ಎಸ್‌ಯುವಿಗಳಲ್ಲಿ ಬಹುಪಾಲಿಗೆ ಮುಂದಿನ ಎರಡು ಚಕ್ರಗಳಿಗೆ ಮಾತ್ರ ಎಳೆತವಿರುತ್ತದೆ. ಏರಿನಲ್ಲಿ ಭಾರ ಹಿಂದಕ್ಕೆ ಸರಿದಾಗ ಮುಂದಿನ ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗುತ್ತದೆ. ನಿಮಗೆ ಬೇಕಾದದ್ದು ನಾಲ್ಕೂ ಚಕ್ರಕ್ಕೆ ಎಳೆತವಿರುವ, 'ಲೋ ರೇಂಜ್' ಗೇರ್ ಇರುವ ಗಾಡಿ. ಲೋ ರೇಂಜ್ ಎಂದರೆ ವೇಗ ತಗ್ಗಿಸಿ ಎಳೆಯುವ ಬಲ ಹೆಚ್ಚಿಸುವ ಇನ್ನೊಂದು ಗೇರ್ ಜೋಡಿ. ಮಹೀಂದ್ರ ಥಾರ್‌ನ ಫೋರ್ ವೀಲ್ ಡ್ರೈವ್ ಮಾದರಿಗಳಲ್ಲಿ, ಮಾರುತಿ ಜಿಮ್ನಿಯಲ್ಲಿ ಇದಿದೆ. ಅಷ್ಟು ದುಡ್ಡು ಹಾಕುವ ಮೊದಲು ಆ ಏರಿಗೆ ಕಲ್ಲು ಹಾಸಿಸಲು ಎಷ್ಟಾಗುತ್ತದೆ ಎಂದೂ ವಿಚಾರಿಸಿ. ಎಷ್ಟೋ ಮನೆಗಳಿಗೆ ಅದೇ ಅಗ್ಗ.

2. ಒಂದು ತಿಂಗಳ ಓಡಾಟ ಬರೆದಿಡಿ

ಪ್ರತಿ ಸಲ ಹೊರಟಾಗ ಎಲ್ಲಿಗೆ, ಎಷ್ಟು ಕಿಲೋಮೀಟರ್, ಎಷ್ಟು ಜನ, ಏನು ಸಾಮಾನು ಎಂದು ಬರೆಯಿರಿ. ಬಸ್ಸಿನಲ್ಲಿ ಹೋದದ್ದು, ಬಾಡಿಗೆ ಗಾಡಿ ಕರೆಸಿದ್ದು ಎಲ್ಲವೂ ಲೆಕ್ಕಕ್ಕಿರಲಿ. ವರ್ಷಕ್ಕೆ ಎರಡು ಸಲ ಧರ್ಮಸ್ಥಳಕ್ಕೆ ಏಳು ಜನ ಹೋಗುತ್ತೀರಿ ಎಂದು ಏಳು ಸೀಟಿನ ಕಾರು ಕೊಳ್ಳುವವರನ್ನು ತುಂಬ ನೋಡಿದ್ದೇನೆ. ಉಳಿದ 363 ದಿನ ಅದರಲ್ಲಿ ಇಬ್ಬರೇ ಓಡಾಡುತ್ತಾರೆ. ಆ ಎರಡು ದಿನಕ್ಕೆ ಬಾಡಿಗೆ ಗಾಡಿ ಸಾಕು.

3. ನಿಜವಾದ ಬೆಲೆ ಲೆಕ್ಕ ಹಾಕಿ

ಜಾಹೀರಾತಿನಲ್ಲಿ ಕಾಣುವುದು ಎಕ್ಸ್‌ಷೋರೂಂ ಬೆಲೆ, ಅಂದರೆ ಜಿಎಸ್‌ಟಿ ಸೇರಿದ ಬೆಲೆ ಮಾತ್ರ. ಅದರ ಮೇಲೆ ರಾಜ್ಯದ ಜೀವಿತಾವಧಿ ತೆರಿಗೆ, ವಿಮೆ, ನೋಂದಣಿ, ಫಾಸ್ಟ್ಯಾಗ್ ಸೇರಿದರೆ ಆನ್‌ರೋಡ್ ಬೆಲೆ.

ಕರ್ನಾಟಕದ ಜೀವಿತಾವಧಿ ತೆರಿಗೆ ದೇಶದಲ್ಲೇ ದುಬಾರಿಯಾದವುಗಳಲ್ಲಿ ಒಂದು. ಪೆಟ್ರೋಲ್, ಡೀಸೆಲ್ ಕಾರುಗಳಿಗೆ 5 ಲಕ್ಷದವರೆಗೆ ಶೇ 13, ಹತ್ತು ಲಕ್ಷದವರೆಗೆ ಶೇ 14, ಇಪ್ಪತ್ತು ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ತೆರಿಗೆಯ ಮೇಲೆ ಸೆಸ್ ಬೇರೆ. ಹತ್ತು ಲಕ್ಷದ ಗೆರೆ ದಾಟಿದರೆ ಹೆಚ್ಚಿನ ದರ ಪೂರ್ತಿ ಬೆಲೆಯ ಮೇಲೆ ಬೀಳುತ್ತದೆ. 9.8 ಲಕ್ಷದ ಕಾರಿಗೆ ಸೆಸ್ ಬಿಟ್ಟು ತೆರಿಗೆ 1,37,200 ರೂಪಾಯಿ. ಅದೇ ಕಾರಿನ ಮೇಲಿನ ಮಾದರಿಗೆ 10.3 ಲಕ್ಷ ಇದ್ದರೆ ತೆರಿಗೆ 1,75,100 ರೂಪಾಯಿ. ಸನ್‌ರೂಫ್ ಮತ್ತು ದೊಡ್ಡ ಪರದೆಗೆಂದು 50 ಸಾವಿರ ಹೆಚ್ಚು ಕೊಡಲು ಹೋದವರು ತೆರಿಗೆಗೆ ಇನ್ನೂ 38 ಸಾವಿರ ತೆತ್ತಂತಾಯಿತು. ಹತ್ತು ಲಕ್ಷ ದಾಟಿದರೆ ಶೇ 1ರಷ್ಟು ಟಿಸಿಎಸ್ ಎಂಬ ಮುಂಗಡ ಆದಾಯ ತೆರಿಗೆಯನ್ನೂ ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆ ವಿವರ ಸಲ್ಲಿಸಿ ಹಿಂಪಡೆಯಬಹುದು. ಕೃಷಿ ಆದಾಯ ಮಾತ್ರ ಇರುವ ಬೆಳೆಗಾರರು ವಿವರ ಸಲ್ಲಿಸದೆ ಈ ದುಡ್ಡನ್ನು ಬಿಟ್ಟುಕೊಡುವುದುಂಟು. ಬಿಡಬೇಡಿ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾಗಿವೆ. ನಾಲ್ಕು ಮೀಟರಿಗಿಂತ ಉದ್ದವಿಲ್ಲದ, 1200 ಸಿಸಿಯೊಳಗಿನ ಪೆಟ್ರೋಲ್ ಅಥವಾ 1500 ಸಿಸಿಯೊಳಗಿನ ಡೀಸೆಲ್ ಕಾರಿಗೆ ಶೇ 18. ಅದಕ್ಕಿಂತ ದೊಡ್ಡವಕ್ಕೆ ಶೇ 40. ವಿದ್ಯುತ್ ಕಾರಿಗೆ ಶೇ 5. ಹಳೆಯ ಬೆಲೆಪಟ್ಟಿ ನೋಡಿ ಲೆಕ್ಕ ಹಾಕಬೇಡಿ.

ಸಾಲದ ವಿಷಯ. ಎಂಟು ಲಕ್ಷವನ್ನು ಶೇ 9ರ ಬಡ್ಡಿಗೆ ಐದು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 16,600. ಏಳು ವರ್ಷಕ್ಕಾದರೆ ಸುಮಾರು 12,900. ಕಂತು ಹಗುರ ಕಾಣುತ್ತದೆ, ಆದರೆ ಕೊನೆಗೆ ಕಟ್ಟುವ ಒಟ್ಟು ಹಣ ಸುಮಾರು 85 ಸಾವಿರ ಹೆಚ್ಚು. ಇನ್ನೊಂದು ಮಾತು: ಕಂತು ಬರುವುದು ತಿಂಗಳಿಗೊಮ್ಮೆ, ಕಾಫಿ ಹಣ ಬರುವುದು ವರ್ಷಕ್ಕೊಮ್ಮೆ. ಆಗಸ್ಟಿನಲ್ಲಿ ಗೊಬ್ಬರಕ್ಕೆ, ಆಳಿಗೆ ದುಡ್ಡು ಹೊಂದಿಸುವಾಗ ಕಾರಿನ ಕಂತು ಕುತ್ತಿಗೆಗೆ ಬರುತ್ತದೆ. ಬೆಳೆಗಾರರಿಗೆ ಆರು ತಿಂಗಳ ಅಥವಾ ವರ್ಷದ ಕಂತು ಮಾಡಿಕೊಡುತ್ತೀರಾ ಎಂದು ಬ್ಯಾಂಕಿನಲ್ಲಿ ಕೇಳಿ. ಆಗದಿದ್ದರೆ ಒಂದು ವರ್ಷದ ಕಂತಿನ ಹಣವನ್ನು ಮೊದಲೇ ಪ್ರತ್ಯೇಕ ಖಾತೆಯಲ್ಲಿಟ್ಟು, ಆ ನಂತರ ಉಳಿದದ್ದರಲ್ಲಿ ಮುಂಗಡ ಕಟ್ಟಿ.

4. ಇಂಧನ ನಿರ್ಧರಿಸಿ

ಡೀಸೆಲ್ ಕಾರು ಅದೇ ಮಾದರಿಯ ಪೆಟ್ರೋಲ್ ಕಾರಿಗಿಂತ ಒಂದೂಕಾಲು ಲಕ್ಷ ಹೆಚ್ಚು ಎಂದಿಟ್ಟುಕೊಳ್ಳಿ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಮೈಲೇಜ್ 15 ಕಿಲೋಮೀಟರ್. ಡೀಸೆಲ್ 91 ರೂಪಾಯಿ, ಮೈಲೇಜ್ 19 ಎಂದರೆ ಕಿಲೋಮೀಟರಿಗೆ ಉಳಿಯುವುದು ಸುಮಾರು ಎರಡು ರೂಪಾಯಿ. ಹೆಚ್ಚು ಕೊಟ್ಟ ಹಣ ಹಿಂದಿರುಗಲು 60 ಸಾವಿರ ಕಿಲೋಮೀಟರ್ ಓಡಬೇಕು. ನಿಮ್ಮ ನೋಟ್‌ಬುಕ್ಕಿನ ಪ್ರಕಾರ ವರ್ಷಕ್ಕೆ ಎಂಟು ಸಾವಿರ ಓಡುವುದಾದರೆ ಏಳೂವರೆ ವರ್ಷ ಬೇಕು.

ಡೀಸೆಲ್ ಕಾರಿಗೆ ಇನ್ನೊಂದು ತೊಡಕಿದೆ. 2020ರ ಏಪ್ರಿಲ್‌ನಲ್ಲಿ ಹೊಗೆ ತಗ್ಗಿಸುವ ಬಿಎಸ್ 6 ಮಾನದಂಡ ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಜಾಲರಿ ಇರುತ್ತದೆ. ಹೆದ್ದಾರಿಯಲ್ಲಿ ಬಿಸಿಯಾಗಿ ಓಡಿದಾಗ ಅದು ತಾನೇ ಮಸಿ ಸುಟ್ಟು ಶುಚಿಯಾಗುತ್ತದೆ. ದಿನವೂ ಮನೆಯಿಂದ ಶಾಲೆಗೆ, ಸಂತೆಗೆ ಎಂದು ಮೂರು ಕಿಲೋಮೀಟರ್ ಮಾತ್ರ ಓಡಿಸಿದರೆ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಬೆಂಗಳೂರಿಗೋ ಮಂಗಳೂರಿಗೋ ಹೋಗುವವರಿಗೆ ಡೀಸೆಲ್ ಸರಿ, ಪೇಟೆಯೊಳಗಷ್ಟೇ ಓಡಾಡುವವರಿಗೆ ಬೇಡ.

ವಿದ್ಯುತ್ ಕಾರು ಬಯಲಿನ ಪಟ್ಟಣದ ಮನೆಗೆ ಚೆನ್ನಾಗಿ ಹೊಂದುತ್ತದೆ. ಘಾಟಿ ಹತ್ತುವಾಗ ಚಾರ್ಜ್ ಬೇಗ ಇಳಿಯುತ್ತದೆ, ಇಳಿಯುವಾಗ ಒಂದಷ್ಟು ಹಿಂದಿರುಗುತ್ತದೆ, ಹತ್ತಿದ್ದೆಲ್ಲ ಬರುವುದಿಲ್ಲ. ಒಳನಾಡಿನ ತೋಟಗಳಲ್ಲಿ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಅಂಥ ಮನೆಯಲ್ಲಿ ವಿದ್ಯುತ್ ಕಾರೊಂದೇ ಇರಬಾರದು. ಕೊಳ್ಳುವುದಾದರೆ ಮೊದಲು ಮನೆಯ ಅರ್ತಿಂಗ್ ಪರೀಕ್ಷೆ ಮಾಡಿಸಿ. ಲೋಡ್ ಹೆಚ್ಚಿಸಬೇಕೇ ಎಂದು ಹಾಸನದವರು ಸೆಸ್ಕ್‌ನಲ್ಲಿ, ಚಿಕ್ಕಮಗಳೂರಿನವರು ಮೆಸ್ಕಾಂನಲ್ಲಿ ವಿಚಾರಿಸಿ. ಸಿಎನ್‌ಜಿ ಕಾರಿಗೆ ಖರ್ಚು ಕಡಿಮೆ, ಎಳೆತವೂ ಕಡಿಮೆ, ಡಿಕ್ಕಿಯ ಜಾಗವೂ ಕಡಿಮೆ. ಬಂಕ್ ಹತ್ತಿರದಲ್ಲಿದ್ದರೆ ಮಾತ್ರ ಯೋಚಿಸಿ.

5. ಎಂಜಿನ್, ಗೇರ್

ಚಿಕ್ಕಮಗಳೂರು ಪಟ್ಟಣವೇ ಸಮುದ್ರಮಟ್ಟದಿಂದ ಸುಮಾರು ಒಂದು ಸಾವಿರ ಮೀಟರ್ ಎತ್ತರದಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಇಷ್ಟು ಎತ್ತರದಲ್ಲಿ, ಗಾಳಿ ತೆಳುವಾಗುವುದರಿಂದ, ಹತ್ತರಲ್ಲಿ ಒಂದು ಪಾಲಿನಷ್ಟು ಬಲ ಕಳೆದುಕೊಳ್ಳುತ್ತದೆ. ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ. ಅದಿದ್ದರೆ ಈ ನಷ್ಟ ಅಷ್ಟಾಗಿ ತಿಳಿಯುವುದಿಲ್ಲ. ಬಯಲಿನ ಊರಿನ ನೆಂಟರು "ಒಂದು ಲೀಟರ್ ಎಂಜಿನ್ ಸಾಕು, ನಮ್ಮದು ಹಾರುತ್ತದೆ" ಎಂದರೆ ಅವರ ಮಟ್ಟಿಗೆ ಅದು ನಿಜ. ನೀವು ನಿಮ್ಮ ಏರಿನಲ್ಲೇ ನೋಡಿ ತೀರ್ಮಾನಿಸಿ.

ಆಟೊಮ್ಯಾಟಿಕ್‌ಗಳಲ್ಲಿ ಎಎಂಟಿ ಅಗ್ಗ. ಮಾಮೂಲಿ ಗೇರ್‌ಬಾಕ್ಸಿನ ಕ್ಲಚ್ಚನ್ನು ಯಂತ್ರವೇ ಒತ್ತುವ ವ್ಯವಸ್ಥೆ ಅದು. ಹೇರ್‌ಪಿನ್ ತಿರುವಿನ ನಡುವೆ ಗೇರ್ ಬದಲಿಸಲು ಒಂದು ಕ್ಷಣ ತಡೆಯುತ್ತದೆ; ಮ್ಯಾನುವಲ್ ಮೋಡ್‌ಗೆ ಹಾಕಿ ಓಡಿಸಲು ಕಲಿತರೆ ತೊಂದರೆಯಿಲ್ಲ. ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಎಂಜಿನ್ ಬಲವನ್ನು ದಾಟಿಸುವ ಟಾರ್ಕ್ ಕನ್ವರ್ಟರ್ ಮಾದರಿ ಘಾಟಿಗೆ ಹೆಚ್ಚು ಸಮಾಧಾನದ್ದು. ಡಿಸಿಟಿ ಎಂಬ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸ್, ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಏರಿನಲ್ಲಿ ನಿಂತು ನಿಂತು ಹೊರಡುವಾಗ ಬಿಸಿಯಾಗಬಹುದು. ಯಾವುದನ್ನೇ ಆರಿಸಿದರೂ ಚಾರ್ಮಾಡಿ ಇಳಿಯುವಾಗ ಕೆಳಗಿನ ಗೇರಿನಲ್ಲಿ ಹಿಡಿದಿಡಲು ಅವಕಾಶ ಇರಲೇಬೇಕು. ಬ್ರೇಕ್ ಒಂದನ್ನೇ ಒತ್ತುತ್ತಾ ಇಳಿದರೆ ಕೆಳಗೆ ಮುಟ್ಟುವಷ್ಟರಲ್ಲಿ ಬ್ರೇಕ್ ಕಾದು ಹಿಡಿತ ಬಿಡುತ್ತದೆ.

6. ಇರಲೇಬೇಕಾದವು

ಭಾರತ್ ಎನ್‌ಸಿಎಪಿ 2023ರ ಅಕ್ಟೋಬರ್‌ನಿಂದ ನಡೆಯುತ್ತಿರುವ ನಮ್ಮದೇ ದೇಶದ ಅಪಘಾತ ಸುರಕ್ಷತಾ ಪರೀಕ್ಷೆ. ದೊಡ್ಡವರಿಗೆ, ಮಕ್ಕಳಿಗೆ ಪ್ರತ್ಯೇಕ ಅಂಕ ಕೊಡುತ್ತಾರೆ, ಎರಡನ್ನೂ ನೋಡಿ. ಹಿಂದಿನ ಸೀಟಿನ ನಡುವೆ ಕೂರುವವರಿಗೂ ಭುಜದ ಮೇಲೆ ಹಾದುಬರುವ ಬೆಲ್ಟ್ ಇದೆಯೇ ಎಂದು ಕೈಯಿಂದ ಎಳೆದು ನೋಡಿ.

ಕೊಟ್ಟಿಗೆಹಾರದಲ್ಲಿ ಮಂಜು ಕವಿದಾಗ, ಆಲೂರು, ಸಕಲೇಶಪುರದ ಕಡೆ ರಾತ್ರಿ ತಿರುವಿನಲ್ಲಿ ಆನೆ ನಿಂತಿರಬಹುದಾದಾಗ ನಿಮ್ಮನ್ನು ಕಾಯುವುದು ಒಳ್ಳೆಯ ಹೆಡ್‌ಲೈಟ್, ಫಾಗ್ ಲ್ಯಾಂಪ್, ಹಿಂದಿನ ಗಾಜಿನ ವೈಪರ್ ಮತ್ತು ಗಾಜಿನ ಮಂಜು ಕರಗಿಸುವ ಡಿಫಾಗರ್. ಇವಿಲ್ಲದ, ಆದರೆ ಸನ್‌ರೂಫ್ ಇರುವ ಮಾದರಿಯನ್ನು ದಯವಿಟ್ಟು ಆರಿಸಬೇಡಿ. ಸಿಲ್ವರ್ ಓಕ್ ಮರದಡಿ ನಿಲ್ಲುವ ಕಾರಿನಲ್ಲಿ ಸನ್‌ರೂಫಿನ ನೀರು ಹೋಗುವ ಸಣ್ಣ ಕೊಳವೆಗಳು ಎಲೆ ಕಸದಿಂದ ಕಟ್ಟಿಕೊಂಡು ನೀರು ಒಳಗೆ ತೊಟ್ಟಿಕ್ಕುತ್ತದೆ.

ಡಿಕ್ಕಿಯ ತಳದ ಹಲಗೆ ಎತ್ತಿ ಸ್ಟೆಪ್ನಿ ನೋಡಿ. ಈಗ ಕೆಲವು ಕಾರುಗಳಿಗೆ ಸ್ಟೆಪ್ನಿಯೇ ಇಲ್ಲ, ಬರೀ ಪಂಕ್ಚರ್ ಕಿಟ್ ಇರುತ್ತದೆ. ಟೈರ್ ಪಕ್ಕದಲ್ಲಿ ಹರಿದರೆ ಆ ಕಿಟ್ ಉಪಯೋಗಕ್ಕೆ ಬರುವುದಿಲ್ಲ. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಓಡಾಡುವವರಿಗೆ ಸ್ಟೆಪ್ನಿ ಬೇಕೇ ಬೇಕು.

ಸರ್ವಿಸ್ ಕೇಂದ್ರ ನಿಮ್ಮಿಂದ ಎಷ್ಟು ದೂರ? ಕಳಸ, ಶೃಂಗೇರಿ, ಕೊಪ್ಪದವರು ಇದನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು. ಊರಿನ ಮೆಕ್ಯಾನಿಕ್ ಬಳಿ ಹೋಗಿ ಯಾವ ಗಾಡಿಯ ಬಿಡಿಭಾಗ ಅದೇ ದಿನ ಸಿಗುತ್ತದೆ, ಯಾವುದಕ್ಕೆ ವಾರ ಕಾಯಬೇಕು ಎಂದು ಕೇಳಿ. ಅವರ ಉತ್ತರಕ್ಕೆ ಹತ್ತು ವಿಡಿಯೊಗಳಿಗಿಂತ ಹೆಚ್ಚು ಬೆಲೆಯಿದೆ.

7. ಓಡಿಸಿ ನೋಡುವುದು

ಪಟ್ಟಿಯಲ್ಲಿ ಈಗ ಎರಡು ಅಥವಾ ಮೂರು ಕಾರು ಉಳಿದಿರುತ್ತವೆ. ಈಗ ಷೋರೂಮಿಗೆ ಹೋಗಿ. ಹಾಸನದ ರಿಂಗ್ ರಸ್ತೆಯಲ್ಲಿ ಎರಡು ಕಿಲೋಮೀಟರ್ ಓಡಿಸಿದರೆ ಏನೂ ತಿಳಿಯುವುದಿಲ್ಲ, ಅಲ್ಲಿ ಎಲ್ಲ ಕಾರೂ ಚೆನ್ನಾಗಿಯೇ ಓಡುತ್ತದೆ. ಗಾಡಿಯನ್ನು ಮನೆಗೆ ತರಲು ಹೇಳಿ; ಕೊಳ್ಳುವುದು ಖಚಿತ ಎನಿಸಿದರೆ ತರುತ್ತಾರೆ. ಚಿಕ್ಕಮಗಳೂರಿನವರು ಕೈಮರದ ಕಡೆಯ ಏರಿಗೆ ಒಯ್ಯಬಹುದು. ಶನಿವಾರ, ಭಾನುವಾರ ಪ್ರವಾಸಿಗರ ಸಾಲು ಇರುತ್ತದೆ, ವಾರದ ನಡುವೆ ಬೆಳಿಗ್ಗೆ ಹೋಗಿ.

ಒಬ್ಬರೇ ಹೋಗಬೇಡಿ, ಮನೆಯವರೆಲ್ಲ ಕೂತುಕೊಳ್ಳಿ. ಏರಿನ ನಡುವೆ ಪೂರ್ತಿ ನಿಲ್ಲಿಸಿ ಮತ್ತೆ ಹೊರಡಿಸಿ. ಹಿಂದಕ್ಕೆ ಜಾರಿತೇ? ಕ್ಲಚ್ಚಿನ ಸುಟ್ಟ ವಾಸನೆ ಬಂತೇ? ಎಸಿ ಹಾಕಿದಾಗ ಎಳೆತ ಎಷ್ಟು ತಗ್ಗಿತು? ಬಲತಿರುವಿನಲ್ಲಿ ಗಾಜಿನ ಪಕ್ಕದ ಕಂಬ ಎದುರಿನ ಬೈಕನ್ನು ಮರೆಮಾಡುತ್ತದೆಯೇ? ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿ ಕಾಲು ತೆಗೆದಾಗ ಗಾಡಿ ತಾನಾಗಿ ಹಿಡಿದುಕೊಳ್ಳುತ್ತದೆಯೇ?

ಮನೆಯ ಹಿರಿಯರನ್ನು ಅವಸರಿಸದೆ ಹತ್ತಿಸಿ ಇಳಿಸಿ ನೋಡಿ. ನಮ್ಮ ಅಮ್ಮ ಸೀರೆ ಉಟ್ಟು ಎತ್ತರದ ಗಾಡಿ ಹತ್ತಲು ಮೊದಲು ಸೀಟಿನ ಅಂಚಿಗೆ ಕೈಯೂರಿದರು, ನಂತರ ಬಾಗಿಲ ಹಿಡಿ ಹುಡುಕಿದರು, ಕೊನೆಗೆ ನನ್ನ ಭುಜ ಹಿಡಿದರು. ಅದೇ ದಿನ ನೋಡಿದ ಇನ್ನೊಂದು ಕಾರಿನ ಸೀಟು ಅವರ ಸೊಂಟದ ಮಟ್ಟಕ್ಕಿತ್ತು. ಸುಮ್ಮನೆ ಕೂತು, ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿಕೊಂಡರು. ನಮ್ಮ ಮನೆಯ ತೀರ್ಮಾನ ಅಲ್ಲೇ ಆಯಿತು.

8. ಹಳೆಯ ಕಾರಾದರೆ

ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ನಮೂನೆ 35 ಪಡೆದು ತೆಗೆಸಿದ ಮೇಲೆಯೇ ಹಣ ಕೊಡಿ. ಮಾಲೀಕತ್ವ ವರ್ಗಾವಣೆಗೆ ನಮೂನೆ 29, 30. ಹೊರರಾಜ್ಯದ ಗಾಡಿಗೆ ನಮೂನೆ 28ರ ನಿರಾಕ್ಷೇಪಣಾ ಪತ್ರವೂ ಬೇಕು, ಇಲ್ಲಿನ ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. ದೆಹಲಿ ಕಡೆಯ ಡೀಸೆಲ್ ಕಾರು ಅಗ್ಗಕ್ಕೆ ಸಿಗುತ್ತದೆ ಎಂದು ಹಿಗ್ಗುವ ಮುನ್ನ ಈ ಲೆಕ್ಕ ಹಾಕಿ. ಬಾಕಿ ದಂಡ, ವಿಮೆಯ ಸ್ಥಿತಿಯನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಬಹುದು.

ಮುಂದಿನ ಸೀಟ್ ಬೆಲ್ಟನ್ನು ಕೊನೆಯವರೆಗೂ ಹೊರಗೆಳೆಯಿರಿ. ನೀರಿನಲ್ಲಿ ಮುಳುಗಿದ್ದ ಕಾರಾದರೆ ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕಂದು ಕಲೆಯ ಗೆರೆ ಕಾಣುತ್ತದೆ. ಹೊರಗೆಷ್ಟೇ ಪಾಲಿಶ್ ಮಾಡಿದರೂ ಅಲ್ಲಿಯವರೆಗೆ ಯಾರೂ ತೊಳೆಯುವುದಿಲ್ಲ. ಕಾಲಡಿಯ ಮ್ಯಾಟ್ ಎತ್ತಿ ಮೂಸಿ ನೋಡಿ, ಸೀಟಿನ ಹಳಿಗಳ ತುಕ್ಕು ನೋಡಿ. ಗ್ಯಾರೇಜಿನಲ್ಲಿ ಗಾಡಿ ಎತ್ತಿಸಿ ತಳ ನೋಡದೆ ಮಲೆನಾಡಿನ ಹಳೆಯ ಕಾರು ಕೊಳ್ಳಬೇಡಿ. 2023ಕ್ಕಿಂತ ಹಿಂದಿನ ಪೆಟ್ರೋಲ್ ಕಾರಾದರೆ, ಶೇ 20ರಷ್ಟು ಎಥೆನಾಲ್ ಬೆರೆತ ಈಗಿನ ಪೆಟ್ರೋಲಿಗೆ ಅದರ ರಬ್ಬರ್ ಕೊಳವೆಗಳು ತಡೆಯುತ್ತವೆಯೇ ಎಂದು ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಿ.

9. ಬುಕಿಂಗ್, ತಪಾಸಣೆ

ಬೆಲೆಯ ವಿವರವನ್ನು ಸಾಲು ಸಾಲಾಗಿ ಬರೆಸಿಕೊಳ್ಳಿ. 'ಹ್ಯಾಂಡ್ಲಿಂಗ್ ಚಾರ್ಜ್' ಎಂದು ಕಂಡರೆ ತೆಗೆಯಲು ಹೇಳಿ. ವಿಮೆಯನ್ನು ಅವರಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲ, ಹೊರಗಿನ ದರ ತಂದು ತೋರಿಸಿದರೆ ಅವರೂ ಇಳಿಸುತ್ತಾರೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ಅದು ನಿಮ್ಮಿಂದ ಇತರರಿಗಾದ ಹಾನಿಗೆ ಮಾತ್ರ. ಕೊಂಬೆ ಬಿದ್ದು ನಿಮ್ಮ ಕಾರು ಜಜ್ಜಿದರೆ ಸ್ವಂತ ಹಾನಿಯ ವಿಮೆ ಬೇಕು, ನೀರು ನುಗ್ಗಿ ಎಂಜಿನ್ ಕೆಟ್ಟರೆ ಎಂಜಿನ್ ರಕ್ಷಣೆಯ ಹೆಚ್ಚುವರಿ ಭಾಗವೂ ಬೇಕು.

ವರ್ಷದ ಕೊನೆಯ, ಹೊಸ ವರ್ಷದ ಮೊದಲ ತಿಂಗಳುಗಳ ದೊಡ್ಡ ರಿಯಾಯಿತಿ ಹೆಚ್ಚಾಗಿ ಹಿಂದಿನ ವರ್ಷ ತಯಾರಾದ ಗಾಡಿಗಳಿಗೆ. ಮುಂದೆ ಮಾರುವಾಗ ಆ ವರ್ಷವೇ ಲೆಕ್ಕಕ್ಕೆ ಬರುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅಂಥ ಗಾಡಿ ಲಾಭವೇ, ಆದರೆ ತಿಳಿದು ಕೊಳ್ಳಿ. ಮಾರಾಟ ಪತ್ರವಾದ ನಮೂನೆ 21ರಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ.

ಪೂರ್ತಿ ಹಣ ಕಟ್ಟುವ ಮುನ್ನ, ನೋಂದಣಿಗೂ ಮುನ್ನ, ನಿಮಗೆ ಕೊಡಲಿರುವ ಗಾಡಿಯನ್ನೇ ಹಗಲು ಬೆಳಕಿನಲ್ಲಿ ನೋಡಿ. ಸಂಜೆ ಅಥವಾ ಮಳೆಯಲ್ಲಿ ಬಣ್ಣದ ಗೀರು ಕಾಣುವುದಿಲ್ಲ. ಚಾಸಿಸ್ ನಂಬರ್ ಬಿಲ್ಲಿನ ಜೊತೆ ತಾಳೆ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ: 3125 ಎಂದರೆ 2025ರ 31ನೇ ವಾರದಲ್ಲಿ ತಯಾರಾದದ್ದು. ಸ್ಟೆಪ್ನಿ ಸೇರಿ ಐದೂ ಟೈರಿನ ಗುರುತು ನೋಡಿ. ಒಂದು ಮಾತ್ರ ಬೇರೆಯಾಗಿದ್ದರೆ ಕಾರಣ ಕೇಳಿ. ಗೀರು, ತಗ್ಗು ಏನೇ ಕಂಡರೂ ಸರಿಪಡಿಸಿಕೊಡುತ್ತೇವೆ ಎಂಬ ಬಾಯಿಮಾತಿಗೆ ಒಪ್ಪದೆ ಷೋರೂಮಿನ ಮುದ್ರೆ ಹಾಕಿಸಿ ಬರೆಸಿಕೊಳ್ಳಿ. ಎಲ್ಲ ಸರಿಯಿದ್ದರೆ ಮಾತ್ರ ಆ ಚಾಸಿಸ್ ನಂಬರಿನ ಹೆಸರಿನಲ್ಲಿ ಉಳಿದ ಹಣ ಕಟ್ಟಿ ರಸೀದಿ ಪಡೆಯಿರಿ.